ಚೌತಿಯ ಚಂದ್ರ, ಪಕ್ಕದ ಮನೆಯ ಕಾಮನಬಿಲ್ಲು

ಆಕಾಶದ ಫೋಟೋ ತೆಗೆಯುವವರೆಂದರೆ ಬಹಳ ಸಮಾಧಾನದ ಮನುಷ್ಯರಿರಬೇಕು ಎಂದು ಜನ ಅಂದುಕೊಳ್ಳುತ್ತಾರೆ. ನನ್ನ ಮಟ್ಟಿಗೆ ಅದು ಶುದ್ಧ ಗಾಬರಿಯ ಹವ್ಯಾಸ. ಕಾಮನಬಿಲ್ಲು ಕಂಡಿತೆಂದರೆ ಎದೆ ಡವಡವ ಎನ್ನಲು ಶುರುವಾಗುತ್ತದೆ. ಕ್ಯಾಮೆರಾ ಬೀರುವಿನಲ್ಲಿ, ಬ್ಯಾಟರಿ ಚಾರ್ಜರಿನಲ್ಲಿ, ಕಾರ್ಡು ಲ್ಯಾಪ್‌ಟಾಪಿನಲ್ಲಿ, ನಾನು ಒಲೆಯ ಮುಂದೆ. ಎಲ್ಲವನ್ನೂ ಒಟ್ಟು ಮಾಡಿಕೊಂಡು ಮಹಡಿ ಹತ್ತುವಷ್ಟರಲ್ಲಿ ಬಿಲ್ಲು ಕರಗಿ ಬರೀ ಮೋಡ ಉಳಿದಿರುತ್ತದೆ. ಚಂದ್ರ ಅಷ್ಟು ಕೈಕೊಡುವವನಲ್ಲ, ಪಂಚಾಂಗದಲ್ಲಿ ಬರೆದ ಹೊತ್ತಿಗೆ ಸರಿಯಾಗಿ ಬರುತ್ತಾನೆ. ಆದರೆ ನಾನು ಟ್ರೈಪಾಡಿನ ಕಾಲು ಬಿಚ್ಚುವುದನ್ನೇ ಕಾದಿದ್ದಂತೆ ಬೆಂಗಳೂರಿನ ಮೋಡ ಎಲ್ಲಿಂದಲೋ ಬಂದು ಮುಚ್ಚುತ್ತದೆ. ಇಷ್ಟೆಲ್ಲ ಒದ್ದಾಡಿ ತೆಗೆದ ಫೋಟೋ ನೋಡಿ ನಮ್ಮ ಯಜಮಾನರು, "ಹೋದ ತಿಂಗಳದ್ದೂ ಹಿಂಗೇ ಇತ್ತಲ್ಲ," ಅನ್ನುತ್ತಾರೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಮನೆ ಬಸವನಗುಡಿಯಲ್ಲಿ, ಗಾಂಧಿ ಬಜಾರಿಗೆ ನಡೆದು ಹೋಗುವಷ್ಟು ದೂರ. ಮಕ್ಕಳಿಗೆ ಬೆಳಕಿನ ಪಾಠ ಮಾಡುತ್ತಾ ಮಾಡುತ್ತಾ, ಇದನ್ನೆಲ್ಲ ಒಮ್ಮೆ ಕಣ್ಣಾರೆ ಹಿಡಿಯಬೇಕಲ್ಲ ಅನ್ನಿಸಿ, ಸಹೋದ್ಯೋಗಿಯೊಬ್ಬರು ಮಾರುತ್ತಿದ್ದ ಹಳೆಯ ಕ್ಯಾಮೆರಾವನ್ನೂ ಉದ್ದ ಮೂತಿಯ ಒಂದು ಲೆನ್ಸನ್ನೂ ಕೊಂಡೆ. ಯಾರ ಹತ್ತಿರವೂ ಕಲಿಯಲಿಲ್ಲ. ಚಂದ್ರ ಮೊದಮೊದಲು ಬಿಳಿ ಮಾತ್ರೆಯ ಹಾಗೆ ಬರುತ್ತಿದ್ದ. ಅವನ ಬೆಳಕು ನಮ್ಮ ಕಣ್ಣಿಗೆ ತೋರುವುದಕ್ಕಿಂತ ಜಾಸ್ತಿ, ಕ್ಯಾಮೆರಾಕ್ಕೆ ಬೆಳಕು ಕಡಿಮೆ ಮಾಡಿ ಕೊಡಬೇಕು ಎಂದು ತಿಳಿಯಲು ನನಗೆ ಒಂದು ಚಳಿಗಾಲವೇ ಬೇಕಾಯಿತು.

ನಮ್ಮ ಮನೆಯ ಪೂರ್ವಕ್ಕೆ ಅಜ್ಜಿಯ ಮನೆ. ಬೀದಿಗೆಲ್ಲ ಅವರು ಅಜ್ಜಿ, ಹಾಗಾಗಿ ಐವತ್ತು ದಾಟಿದ ನನಗೂ ಅಜ್ಜಿಯೇ. ಕನಕಪುರದ ಕಡೆಯ ಹಳ್ಳಿಯಿಂದ ಮದುವೆಯಾಗಿ ಈ ಬೀದಿಗೆ ಬಂದವರು. ನಾನು ಸೊಸೆಯಾಗಿ ಬಂದಾಗ ಅಡಿಗೆಗೆ ಉಪ್ಪು ಹಾಕುವುದು ಎಷ್ಟೆಂದು ಕಾಂಪೌಂಡಿನ ಆಚೆಯಿಂದ ಪಿಸುಗುಟ್ಟಿ ಹೇಳಿಕೊಟ್ಟವರು ಅವರು. ನಮ್ಮ ಅತ್ತೆಯಿಂದ ಅವರು ಕಲಿತದ್ದು ಸಂಕಷ್ಟಿ. ಪ್ರತಿ ತಿಂಗಳು ಹುಣ್ಣಿಮೆ ಕಳೆದ ನಾಲ್ಕನೆಯ ದಿನ ಬೆಳಿಗ್ಗೆಯಿಂದ ಉಪವಾಸವಿದ್ದು, ರಾತ್ರಿ ಚಂದ್ರ ಹುಟ್ಟಿದ ಮೇಲೆ ಅವನನ್ನು ಕಣ್ಣಿಂದ ನೋಡಿ, ನೀರು ಬಿಟ್ಟು, ಆಮೇಲೆ ಊಟ. ಅತ್ತೆ ಹೋಗಿ ಎಷ್ಟೋ ವರ್ಷವಾದರೂ ಅಜ್ಜಿ ಬಿಡಲಿಲ್ಲ. ಮೋಡವಿದ್ದ ದಿನ ಪಂಚಾಂಗದ ಹೊತ್ತು ನೋಡಿಕೊಂಡು ಎಲ್ಲರೂ ಎಲೆ ಹಾಕಿದರೆ, ಇವರು, "ಪಂಚಾಂಗ ನೋಡಿದ್ರೆ ಚಂದ್ರನ್ನ ನೋಡ್ದಂಗಾಯ್ತದಾ?" ಎಂದು ಕೂತೇ ಇರುತ್ತಿದ್ದರು. ಸಕ್ಕರೆ ಕಾಯಿಲೆ ಬೇರೆ. ಮಗ ಬೇಡಿಕೊಂಡರೂ ಕೇಳುವವರಲ್ಲ.

ನನಗೆ ಉಪವಾಸ ಆಗಿಬರುವುದಿಲ್ಲ. ನನ್ನದು ಚಂದ್ರ ಬಂದದ್ದನ್ನು ಸಾರುವ ಕೆಲಸ. ಕಣ್ಣಿಗೆ ಕಾಣುವ ಮೊದಲೇ ತೆಳು ಮೋಡದ ಹಿಂದಿನ ಚಂದ್ರ ನನ್ನ ಕ್ಯಾಮೆರಾಕ್ಕೆ ಕಾಣುತ್ತಾನೆ. ನಾನು ನಮ್ಮ ತಾರಸಿಯಿಂದ "ಬಂದ, ಅಜ್ಜೀ," ಎಂದು ಕೂಗುತ್ತಿದ್ದೆ. ಅವರು ತಮ್ಮ ತಾರಸಿಯಲ್ಲಿ ಎದ್ದು ನಿಲ್ಲುತ್ತಿದ್ದರು. ನೀರು ಬಿಟ್ಟು ಮುಗಿದ ಮೇಲೆ ಗೋಡೆಯ ಮೇಲಿಂದ ಒಂದು ಬಟ್ಟಲು ಪ್ರಸಾದ ಈ ಕಡೆ ಬರುತ್ತಿತ್ತು.

ಆಮೇಲೆ ಆ ತಾರಸಿಯ ಮೇಲೆ ಅವರ ಮಗ ಮಹಡಿ ಕಟ್ಟಲು ತೊಡಗಿದ. ಅವನದು ಸೈಟು, ಮನೆ ಕೊಡಿಸುವ ವ್ಯವಹಾರ. ನನಗಿಂತ ಸ್ವಲ್ಪ ಚಿಕ್ಕವನು, ಮೊದಲಿಂದ ಅಕ್ಕ ಎಂದೇ ಕರೆಯುತ್ತಿದ್ದ. ಒಂದು ಮಹಡಿ ಎಂದು ಶುರುವಾದದ್ದು ಎರಡಾಯಿತು, ಅದರ ಮೇಲೂ ಕಂಬ ಎದ್ದವು. ಅಜ್ಜಿಗೆ ತಾರಸಿ ಇಲ್ಲವಾಯಿತು. ಸಂಕಷ್ಟಿಯ ದಿನ ಅವರು ನನ್ನ ಭುಜ ಹಿಡಿದುಕೊಂಡು, ಮೆಟ್ಟಿಲಿಗೊಮ್ಮೆ ನಿಂತು, ನಮ್ಮ ತಾರಸಿಗೆ ಬರತೊಡಗಿದರು. ಅಲ್ಲಿ ಕೂತು ತಮ್ಮದೇ ಮನೆಯ ಕಂಬಗಳ ಹಿಂದಿನಿಂದ ಚಂದ್ರ ಮೇಲೇಳುವುದನ್ನು ಕಾಯಬೇಕು. "ನನ್ ಮಗ ನನ್ ಊಟಾನೇ ಲೇಟ್ ಮಾಡ್ಬುಟ್ಟ ಕಣವ್ವ," ಎಂದು ನಗುತ್ತಿದ್ದರು. ಆ ವರ್ಷದ ಅವರ ಸಂಕಷ್ಟಿಯ ಹರಕೆ ಏನೆಂದರೆ, ಮಗ ಕಟ್ಟುತ್ತಿರುವ ಮನೆ ನಿರ್ವಿಘ್ನವಾಗಿ ಮೇಲೇಳಲಿ ಎಂಬುದು.

ನನಗೆ ಆ ಕಂಬಗಳನ್ನು ಕಂಡರೆ ಮೈ ಉರಿಯುತ್ತಿತ್ತು. ಚಂದ್ರೋದಯದ ಒಳ್ಳೆಯ ಹೊತ್ತು ಅವನು ನೆಲಕ್ಕೆ ಹತ್ತಿರವಿದ್ದು ಕಿತ್ತಳೆ ಬಣ್ಣಕ್ಕಿರುವಾಗ. ಅದೆಲ್ಲ ಈಗ ಸಿಮೆಂಟಿನ ಹಿಂದೆ ಕಳೆದುಹೋಗುತ್ತಿತ್ತು. ಒಂದು ದಿನ ಸಿಟ್ಟು ತಡೆಯಲಾರದೆ ಬೀದಿಯವರ ವಾಟ್ಸಾಪ್ ಗ್ರೂಪಿನಲ್ಲಿ, "ಇನ್ನು ಮೇಲೆ ನಮ್ಮ ಬೀದಿಗೆ ಚಂದ್ರ ಅರ್ಧ ಗಂಟೆ ತಡವಾಗಿ ಬರುತ್ತಾನೆ, ಎಲ್ಲರೂ ಸಹಕರಿಸಬೇಕು," ಎಂದು ಹಾಕಿದೆ. ಎಲ್ಲರೂ ನಕ್ಕರು. ಮಗನೂ ನಗುವ ಮುಖವೊಂದನ್ನು ಹಾಕಿದ. ಆ ಮಾತು ಮುಂದೆ ನನ್ನ ಕೊರಳಿಗೇ ಸುತ್ತಿಕೊಳ್ಳುತ್ತದೆ ಎಂದು ಆಗ ಯಾರಿಗೆ ಗೊತ್ತಿತ್ತು.

ಆ ಸಲದ ಗಣೇಶನ ಹಬ್ಬದ ಸಂಜೆ ಮಳೆ ಬಂತು. ಕಡುಬಿನ ಪಾತ್ರೆ ಒಲೆಯ ಮೇಲಿತ್ತು. ಮಳೆ ನಿಲ್ಲುತ್ತಾ ಬಂದಂತೆ ಅಡಿಗೆಮನೆಯ ಪಡುವಣ ಕಿಟಕಿಯಿಂದ ಬಿಸಿಲು ಒಳಗೆ ಬಿತ್ತು. ಸಂಜೆಯ ಬಿಸಿಲು ಬೆನ್ನಿಗಿದ್ದು ಎದುರಿಗೆ ಮಳೆಯಿದ್ದರೆ ಪೂರ್ವದಲ್ಲಿ ಬಿಲ್ಲು ಇದ್ದೇ ಇರಬೇಕು. ಒಲೆ ಆರಿಸಿದೆನೋ ಇಲ್ಲವೋ ಎಂಬ ಹೆದರಿಕೆಯನ್ನು ಹೊತ್ತುಕೊಂಡೇ ಮಹಡಿ ಹತ್ತಿದೆ. ಆವತ್ತು ಅದು ಓಡಿಹೋಗಿರಲಿಲ್ಲ. ಅಜ್ಜಿಯ ಮನೆಯ ಮೇಲೆ, ಸರಿಯಾಗಿ ಆ ಹೊಸ ಕಂಬಗಳ ನಡುವಿನಿಂದ ಎದ್ದು, ಇಡೀ ಕಮಾನು ನಿಂತಿತ್ತು. ಹಿಂದೆ ಕಪ್ಪು ಮೋಡ, ಮುಂದೆ ಒದ್ದೆ ಇಟ್ಟಿಗೆಯ ಮೇಲೆ ಬಂಗಾರದ ಬಿಸಿಲು. ಕಂಬದ ತುದಿಯ ಕಬ್ಬಿಣದ ಸರಳುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಫೋಟೋ ಚೆನ್ನಾಗಿ ಬಂತು. ನಾನು ತೆಗೆದ ಕಾಮನಬಿಲ್ಲುಗಳಲ್ಲಿ ಅದಕ್ಕಿಂತ ಒಳ್ಳೆಯದು ಇವತ್ತಿಗೂ ಇಲ್ಲ.

ಬಿಲ್ಲು ಅಳಿಸಿಹೋಗಿ, ಸೂರ್ಯ ಮುಳುಗಿ, ಇಳಿಯೋಣವೆಂದು ಹಿಂದೆ ತಿರುಗಿದರೆ ಪಶ್ಚಿಮದಲ್ಲಿ ಚಂದ್ರ.

ಗಣೇಶನ ಹಬ್ಬದ ದಿನದ ಚಂದ್ರನನ್ನು ನೋಡಬಾರದು. ನೋಡಿದರೆ ಮಾಡದ ತಪ್ಪಿನ ಅಪವಾದ ತಲೆಗೆ ಬರುತ್ತದೆ. ಇದು ಗೊತ್ತಿಲ್ಲದವರು ನಮ್ಮಲ್ಲಿಲ್ಲ. ಆ ಸಂಜೆ ಕತ್ತು ಬಗ್ಗಿಸಿಕೊಂಡೇ ಓಡಾಡುತ್ತಾರೆ. ತರಗತಿಯಲ್ಲಿ ಅದು ಮೂಢನಂಬಿಕೆ ಎಂದು ಹೇಳುವ ನಾನೂ ಹಬ್ಬದ ದಿನ ಪಶ್ಚಿಮಕ್ಕೆ ತಿರುಗುವವಳಲ್ಲ. ಆದರೆ ಅವತ್ತು ತಿರುಗಿಬಿಟ್ಟಿದ್ದೆ. ಮಳೆ ತೊಳೆದ ಆಕಾಶದಲ್ಲಿ ಅವನು ದೋಣಿಯ ಹಾಗೆ ವಾಲಿಕೊಂಡಿದ್ದ. ಬೆಳಗದ ಭಾಗವೂ ಬೂದಿ ಬಣ್ಣದಲ್ಲಿ ಮಸುಕಾಗಿ ಕಾಣುತ್ತಿತ್ತು. ಅದು ಸುಮ್ಮನೆ ಸಿಗುವ ನೋಟವಲ್ಲ. ನೋಡಿದ್ದಾಯಿತಲ್ಲ, ಇನ್ನೇನು ಎಂದುಕೊಂಡು ಅದನ್ನೂ ಹಿಡಿದೆ.

ಕೆಳಗೆ ಬಂದು ಫೋಟೋಗಳನ್ನು ಫೋನಿಗೆ ಇಳಿಸಿಕೊಂಡು, ಕಾಮನಬಿಲ್ಲನ್ನು ಹಬ್ಬದ ಶುಭಾಶಯದ ಜೊತೆ ಗ್ರೂಪಿಗೆ ಕಳಿಸಿದೆ. ಕಡುಬು ತಟ್ಟೆಗೆ ಹಾಕಿಕೊಂಡು ಕೂತೆ. ಫೋನು ಒಂದೇ ಸಮ ಸದ್ದು ಮಾಡತೊಡಗಿತು. ಮೆಚ್ಚುಗೆ ಇರಬೇಕು ಎಂದುಕೊಂಡು ಎತ್ತಿ ನೋಡಿದರೆ, "ಮೇಡಂ, ಏನ್ ಮಾಡ್ಬಿಟ್ರಿ," "ಅಯ್ಯೋ, ಮಕ್ಳು ನೋಡ್ಬಿಟ್ರಲ್ಲ," "ಓಪನ್ ಮಾಡ್ಬೇಡಿ ಯಾರೂ." ಗಡಿಬಿಡಿಯಲ್ಲಿ ಎರಡು ಫೋಟೋಗಳನ್ನೂ ಒತ್ತಿದ್ದೆ. ಬಿಲ್ಲಿನ ಹಿಂದೆಯೇ ಚೌತಿಯ ಚಂದ್ರ ಬೀದಿಯ ಮನೆಮನೆಗೂ ಹೋಗಿಬಿಟ್ಟಿದ್ದ. ಚಂದ್ರನನ್ನು ಅಳಿಸಿದೆ, ಕ್ಷಮೆ ಕೇಳಿದೆ. ನಮ್ಮವರು ನಗುವುದನ್ನು ನಿಲ್ಲಿಸಲಿಲ್ಲ.

ಆಮೇಲೆ ಗ್ರೂಪಿನಲ್ಲಿ ದೊಡ್ಡ ಚರ್ಚೆ. ಫೋಟೋದಲ್ಲಿ ನೋಡಿದರೆ ನೋಡಿದಂತೆಯೋ ಅಲ್ಲವೋ? ಫೋನಿನದು ಬರೀ ನೆರಳು ಎಂದರು ಒಬ್ಬರು. ಯಾವುದಕ್ಕೂ ಇರಲಿ, ದೇವರಿಗೇ ಕಳ್ಳನೆಂಬ ಅಪವಾದ ತಂದ ಆ ಕಳುವಾದ ಮಣಿಯ ಕಥೆ ಓದಿಬಿಡಿ, ದೋಷ ಹೋಗುತ್ತೆ ಎಂದರು ಇನ್ನೊಬ್ಬರು. ಕೊನೆಗೆ ತೀರ್ಪು ಕೊಟ್ಟವರು ಅಜ್ಜಿ. ನಾನು ಕಡುಬಿನ ಡಬ್ಬಿ ಹಿಡಿದುಕೊಂಡು ಹೋದಾಗ ಬಾಗಿಲಲ್ಲೇ ಹೇಳಿದರು.

"ಫೋನಲ್ಲಿ ನೋಡಿದ್ರೂ ನೋಡಿದ್ದೇ ಕಣವ್ವ. ಕಣ್ಣು ಅದೇ, ಚಂದ್ರ ಅದೇ."

"ಹಂಗಾದ್ರೆ ಇಡೀ ಬೀದಿಗೆ ದೋಷ ತಂದ್ಬಿಟ್ನಾ ಅಜ್ಜಿ?"

"ಅದಕ್ಕೇನು, ನಮ್ಮೂರಲ್ಲಿ ಪಕ್ಕದ ಮನೆ ಹೆಂಚಿನ ಮೇಲೆ ಕಲ್ಲು ಎಸೀತಿದ್ರು. ಆ ಮನೆಯೋರು ಈಚೆ ಬಂದು ಚೆನ್ನಾಗಿ ಬೈತಿದ್ರು. ಬೈಸ್ಕೊಂಡ್ರೆ ಅಪವಾದ ಅಲ್ಲಿಗೇ ಕಳೀತು ಅಂತ."

"ಕಲ್ಲೆಸೆಯಕ್ಕೆ ನಿಮ್ಮನೇಲಿ ಹೆಂಚೆಲ್ಲಿದೆ? ಸುಮ್ನೆ ಬೈದ್ಬಿಡಿ ಅಜ್ಜಿ."

ಅವರು ನನ್ನ ಕೆನ್ನೆ ಸವರಿದರು. "ನಿನ್ನ ಬೈಯಾಕೆ ನಂಗೆ ಬಾಯಿ ಬರಾಕಿಲ್ಲ ಟೀಚರಮ್ಮ," ಎಂದು ಡಬ್ಬಿ ತೆಗೆದುಕೊಂಡು ಒಳಗೆ ಹೋದರು.

ಹಬ್ಬ ಕಳೆದು ವಾರವೊಂದು ಸರಿದಿರಬೇಕು. ಸ್ಕೂಲಿನಿಂದ ಬರುವಾಗ ಪಕ್ಕದ ಮನೆಯ ಮುಂದೆ ಪಾಲಿಕೆಯವರ ಜೀಪು ನಿಂತಿತ್ತು. ಟೇಪು ಹಿಡಿದು ಮೇಲೆ ಕೆಳಗೆ ಅಳೆದರು. ಗೋಡೆಗೆ ನೋಟಿಸು ಅಂಟಿಸಿದರು. ಪ್ಲಾನಿನಲ್ಲಿ ಇಲ್ಲದ ಮಹಡಿ, ಕೆಲಸ ನಿಲ್ಲಿಸಬೇಕು. ಸಂಜೆ ಮಗ ನಮ್ಮ ಗೇಟಿನ ಹತ್ತಿರ ಬಂದ. ಒಳಗೆ ಬಾ ಎಂದರೆ ಬರಲಿಲ್ಲ. ಫೋನನ್ನು ನನ್ನ ಮುಖದ ಮುಂದೆ ಹಿಡಿದ. ಅದರಲ್ಲಿ ನನ್ನ ಕಾಮನಬಿಲ್ಲು ಇತ್ತು.

"ಇದು ನಿಮ್ಮ ಫೋಟೋ ತಾನೆ ಮೇಡಂ?"

ನಾನು ಅಕ್ಕ ಹೋಗಿ ಮೇಡಂ ಆಗಿದ್ದೆ. "ಹೌದು. ಹಬ್ಬದ ದಿನ ಗ್ರೂಪಿಗೆ ಹಾಕಿದ್ನಲ್ಲ. ಸೂಪರ್ ಅಕ್ಕ ಅಂತ ನೀನೇ ಹಾಕಿದ್ದೆ."

"ಹಾಕಿದ್ದೆ. ನನ್ನ ಮನೆ ಮೇಲೆ ಕಂಪ್ಲೇಂಟ್ ಕೊಟ್ಟೋರು ಇದೇ ಫೋಟೋ ಇಟ್ಟವ್ರೆ. ಕಂಬ, ಸರಳು, ಎಲ್ಲ ನೀಟಾಗಿ ಕಾಣ್ತಿದೆ."

"ನಾನು ಕೊಟ್ಟಿಲ್ಲ. ಗ್ರೂಪಲ್ಲಿ ಅಷ್ಟು ಜನ ಇದಾರೆ, ಯಾರು ಬೇಕಾದ್ರೂ ತಗೊಂಡಿರ್ಬೋದು."

"ಚಂದ್ರ ಲೇಟಾಗಿ ಬರ್ತಾನೆ ಅಂದೋರು ಅಷ್ಟು ಜನ ಅಲ್ಲ ಮೇಡಂ. ಒಬ್ರೇ."

ನನಗೆ ಸಿಟ್ಟು ಬಂದರೆ ಮಾತು ಹರಿಯುತ್ತದೆ. ಆದರೆ ಆವತ್ತು ಅವನ ಜೊತೆ ಜಗಳಕ್ಕೆ ನಿಲ್ಲಲಿಲ್ಲ, ಏಕೆಂದರೆ ಅವನ ಹಿಂದೆ, ಅವರ ಮನೆಯ ಬಾಗಿಲಲ್ಲಿ, ಅಜ್ಜಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ನಾನು ಅವರನ್ನೇ ನೋಡುತ್ತಾ, "ಅಜ್ಜಿ, ನಾನು ಕೊಟ್ಟಿಲ್ಲ," ಎಂದೆ. ಅವರು ಸೆರಗು ಹೊದ್ದುಕೊಂಡು ಒಳಗೆ ಹೋದರು.

ಅಂದಿನಿಂದ ನನಗೆ ನೆಮ್ಮದಿ ಎಂಬುದು ಇಲ್ಲವಾಯಿತು. ಗಾಂಧಿ ಬಜಾರಿನಲ್ಲಿ ಸೊಪ್ಪು ಆರಿಸುತ್ತಿದ್ದರೆ ಹಿಂದೆ ಯಾರೋ ಮಾತು ನಿಲ್ಲಿಸಿದಂತೆ ಅನ್ನಿಸುತ್ತಿತ್ತು. ಅವರು ನಿಲ್ಲಿಸಿದರೋ ನನ್ನ ಭ್ರಮೆಯೋ, ತಿರುಗಿ ನೋಡುವ ಧೈರ್ಯವಿಲ್ಲ. ಗ್ರೂಪಿನಲ್ಲಿ ಯಾರಾದರೂ "ಗುಡ್ ಮಾರ್ನಿಂಗ್" ಎಂದರೂ ಅದರಲ್ಲಿ ಕೊಂಕಿದೆಯೇನೋ ಎಂದು ಹುಡುಕುತ್ತಿದ್ದೆ. ಕ್ಯಾಮೆರಾ ಹಿಡಿದು ತಾರಸಿಗೆ ಹೋಗುವುದೇ ಬೇಡವೆನಿಸಿತು. ಹೋದರೆ, ನೋಡಿ ಮತ್ತೆ ಹತ್ತಿದಳು ಅನ್ನುತ್ತಾರೆ. ಹೋಗದಿದ್ದರೆ, ತಪ್ಪು ಮಾಡಿದ್ದಕ್ಕೇ ಮುಖ ಮುಚ್ಚಿಕೊಂಡಳು ಅನ್ನುತ್ತಾರೆ. ಎದೆಯಲ್ಲಿ ಇನ್ನೊಂದು ಮುಳ್ಳೂ ಇತ್ತು. ದೂರು ನನ್ನದಲ್ಲ, ಆದರೆ ಫೋಟೋ ನನ್ನದೇ. ಆ ಕಂಬಗಳು ನಿಂತುಹೋಗಲಿ ಎಂದು ನಾನು ಒಳಗೊಳಗೇ ಎಷ್ಟು ಸಲ ಬಯಸಿದ್ದೆನೋ, ಅದನ್ನು ಯಾರ ಮುಂದೆ ಹೇಳಿ ಹಗುರಾಗಲಿ?

"ಬೀದಿಯೋರು ನಾಲ್ಕು ದಿನ ಮಾತಾಡಿ ಮರೀತಾರೆ ಬಿಡೆ," ಎಂದರು ನಮ್ಮವರು. ಬೀದಿಯವರು ಏನಾದರೂ ಅಂದುಕೊಳ್ಳಲಿ, ನನಗೆ ಬೇಕಾಗಿದ್ದುದು ಅಜ್ಜಿ ನಂಬುವುದು. ಅವರು ನಂಬಲಿಲ್ಲ ಎಂದರೆ ಈ ಬೀದಿಯಲ್ಲಿ ನಾನು ಕಳೆದ ಇಷ್ಟು ವರ್ಷವೂ ಸುಳ್ಳು ಎಂಬಂತೆ ಅನ್ನಿಸುತ್ತಿತ್ತು. ಗೇಟಿನ ಹತ್ತಿರ ಎದುರಾದರೆ ಅವರು ತಲೆ ತಗ್ಗಿಸಿ ಸರಿಯುತ್ತಿದ್ದರು. ಒಂದು ಮಾತು ಬೈದಿದ್ದರೆ, ಇಲ್ಲ ಅಜ್ಜಿ ಹಾಗಲ್ಲ ಎಂದು ನಾನೂ ನಾಲ್ಕು ಮಾತು ಆಡಬಹುದಿತ್ತು. ಆ ಮೌನದ ಎದುರು ಏನು ಹೇಳುವುದು? ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ವಿಜ್ಞಾನದ ಟೀಚರಾದ ನಾನು ಒಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು, ಆ ಕಳುವಾದ ಮಣಿಯ ಕಥೆಯನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದೆ.

ಆ ತಿಂಗಳ ಸಂಕಷ್ಟಿಗೆ ಅಜ್ಜಿ ನಮ್ಮ ತಾರಸಿಗೆ ಬರಲಿಲ್ಲ. ಬೀದಿಯ ಕೊನೆಗೆ ಒಬ್ಬರೇ ನಡೆದುಹೋಗಿ, ರಸ್ತೆ ಪೂರ್ವಕ್ಕೆ ತಿರುಗುವ ಕಡೆ ಕಟ್ಟೆಯ ಮೇಲೆ ಕೂತು, ಚಂದ್ರ ಮನೆಗಳನ್ನು ದಾಟಿ ಮೇಲೆ ಬರುವ ತನಕ ಕಾದರು. ನಾನು ಮೇಲಿಂದ ನೋಡುತ್ತಿದ್ದೆ. ಕಂಬಗಳ ನಡುವೆ ಚಂದ್ರ ನನ್ನ ಕ್ಯಾಮೆರಾಕ್ಕೆ ಆಗಲೇ ಸಿಕ್ಕಿದ್ದ. "ಬಂದ" ಎಂದು ಕೂಗಲು ಬಾಯಿ ತೆರೆದು, ಮುಚ್ಚಿಕೊಂಡೆ.

ಮುಂದಿನದು ಮಂಗಳವಾರ ಬಂದ ಸಂಕಷ್ಟಿ, ಅಂಗಾರಕ ಸಂಕಷ್ಟಿ. ಎಲ್ಲ ಸಂಕಷ್ಟಿಗಳಿಗಿಂತ ಅದು ಹೆಚ್ಚು ಎಂದು ಇಡೀ ದಿನ ಗಣೇಶನ ಗುಡಿಗಳ ಮುಂದೆ ಸಾಲು ಇತ್ತು. ಆ ಹೊತ್ತಿಗೆ ಹಿಂಗಾರು ಹಿಡಿದಿತ್ತು. ಮಧ್ಯಾಹ್ನದಿಂದ ಸುರಿದು ಸಂಜೆಗೆ ನಿಂತರೂ, ಆಕಾಶ ಕಂಬಳಿ ಹೊದ್ದಂತೆ ಇತ್ತು. ನಾನು ಅಡಿಗೆಮನೆಗೂ ತಾರಸಿಗೂ ಓಡಾಡುತ್ತಿದ್ದೆ. ಕೆಳಗೆ ಅವರ ಪೋರ್ಟಿಕೋದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಶಾಲು ಹೊದ್ದು ಅಜ್ಜಿ ಕೂತಿರುವುದು ಕಾಣುತ್ತಿತ್ತು. ಕಾಲ ಬುಡದಲ್ಲಿ ನೀರಿನ ಚೊಂಬು. ಪಂಚಾಂಗದ ಹೊತ್ತು ಮೀರಿತು. ಬೀದಿಯ ಮನೆಗಳಿಂದ ಒಗ್ಗರಣೆಯ ವಾಸನೆ ಬಂದು ಹೋಯಿತು. ಅಜ್ಜಿ ಕದಲಲಿಲ್ಲ. ಸಕ್ಕರೆ ಕಾಯಿಲೆಯವರು ಹಸಿದಿದ್ದರೆ ಏನಾಗುತ್ತದೆ ಎಂದು ಪಾಠ ಮಾಡುವವಳೇ ನಾನು.

ಫೋನು ರಿಂಗಾಯಿತು. ಮಗನ ಹೆಸರು.

"ಅಕ್ಕಾ," ಎಂದ. "ಅಮ್ಮ ಬೆಳಿಗ್ಗೆಯಿಂದ ಬರೀ ನೀರು. ಕೈ ನಡುಗ್ತಿದೆ, ಬೆವರ್ತಿದಾರೆ. ಜ್ಯೂಸ್ ಕೊಟ್ರೆ ಮುಟ್ತಿಲ್ಲ. ಚಂದ್ರ ಬರ್ಲಿ ಅಂತಾರೆ, ಅಷ್ಟೇ."

"ಮೋಡ ಬಿಡೋ ಹಂಗಿಲ್ಲ. ನಾನೂ ನೋಡ್ತಾನೇ ಇದೀನಿ."

"ನಿಮ್ಮ ಹತ್ರ ಹಳೇ ಚಂದ್ರನ ಫೋಟೋ ರಾಶಿ ಇದಾವಲ್ಲ. ಒಂದು ಕಳಿಸಿ. ಅಕ್ಕ ಈಗ ತೆಗೆದ್ರು ಅಂತ ತೋರಿಸ್ತೀನಿ. ಅವ್ರಿಗೆ ಏನ್ ಗೊತ್ತಾಗುತ್ತೆ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆಡದ ಸುಳ್ಳನ್ನು ನನ್ನ ತಲೆಗೆ ಕಟ್ಟಿದವನು ಈಗ ಒಂದು ಸುಳ್ಳನ್ನು ಸಾಲ ಕೇಳುತ್ತಿದ್ದ. "ಸುಳ್ಳು ನನ್ನ ಕೈಲಿ ಆಗುತ್ತೆ ಅನ್ನೋ ನಂಬಿಕೆ ನಿನಗೆ ಇದ್ದೇ ಇದೆಯಲ್ಲ," ಎಂದುಬಿಟ್ಟೆ. ಆಮೇಲೆ, "ತಾಳು," ಎಂದು ಫೋನು ಇಟ್ಟೆ.

ಹೋದ ಸಂಕಷ್ಟಿಯ ಚಂದ್ರ ಫೋನಿನಲ್ಲೇ ಇದ್ದ. ಒಂದು ಅಂಚು ತುಸು ಸವೆದವನು. ಇವತ್ತಿನವನೂ ಹಾಗೆಯೇ ಇರುತ್ತಾನೆ. ಚಂದ್ರನ ಮುಖದ ಮೇಲೆ ತಾರೀಖು ಇರುವುದಿಲ್ಲ. ಕಳಿಸಿದರೆ ಅಜ್ಜಿ ಊಟ ಮಾಡುತ್ತಾರೆ, ಯಾರಿಗೂ ತಿಳಿಯುವುದಿಲ್ಲ. ಕಳಿಸದೆ ಅವರಿಗೆ ಏನಾದರೂ ಆದರೆ? ಆದರೆ ಇದು ಎಂದಾದರೂ ಬಯಲಾದರೆ, ದೂರಿನ ವಿಷಯದಲ್ಲೂ ನಾನು ಸುಳ್ಳಿಯೇ ಎಂದಾಗುತ್ತದೆ, ಈ ಸಲ ಅವರು ನಂಬದಿರುವುದು ಸರಿಯೂ ಆಗುತ್ತದೆ. ಹೆಬ್ಬೆರಳು ಫೋಟೋದ ಮೇಲೆ ಇಟ್ಟುಕೊಂಡು ನಿಂತೆ.

"ಪೂರ್ವಕ್ಕೆ ಸ್ವಲ್ಪ ತೆರೆದಿರೋ ಕಡೆ ಹೋದ್ರೆ ಸಿಗ್ಬೋದೇನೋ," ಎಂದರು ನಮ್ಮವರು, ಹಿಂದಿನಿಂದ. ಮಾತಿಗೆ ಮುಂಚೆ ಸ್ಕೂಟರಿನ ಬೀಗದ ಕೈ ಅವರ ಕೈಯಲ್ಲಿತ್ತು.

ಹನುಮಂತನಗರದ ಗುಡ್ಡದ ದೇವಸ್ಥಾನದ ಕಡೆ ಹೊರಟೆವು. ಸಿಗದೆ ಹೋದರೆ ಅಲ್ಲಿಂದಲೇ ಹಳೆಯದನ್ನು ಕಳಿಸಿಬಿಡುತ್ತೇನೆ ಎಂದು ದಾರಿಯಲ್ಲಿ ಅವರಿಗೆ ಹೇಳಿದೆ. ಅವರು, "ಹೂಂ," ಎಂದರು. ಗುಂಡಿಗಳ ತುಂಬ ನೀರು. ಸಂಕಷ್ಟಿಯ ಟ್ರಾಫಿಕ್ಕು. ಅರ್ಧ ದಾರಿಯಲ್ಲಿ ಟ್ರೈಪಾಡ್ ಮನೆಯಲ್ಲೇ ಉಳಿದದ್ದು ನೆನಪಾಯಿತು. ಹಿಂದಿರುಗಲು ಹೊತ್ತಿಲ್ಲ. ಮೆಟ್ಟಿಲುಗಳನ್ನು ಹೇಗೆ ಹತ್ತಿದೆನೋ. ಮೇಲೆ ಪೂಜೆ ಮುಗಿಸಿದವರು ಇಳಿಯುತ್ತಿದ್ದರು. ಪೂರ್ವಕ್ಕೆ ಊರಿನ ದೀಪಗಳು, ಅವುಗಳ ಮೇಲೆ ಮೋಡ, ಮತ್ತೂ ಮೋಡ. ಕ್ಯಾಮೆರಾ ತೆರೆದರೆ ಬ್ಯಾಟರಿಯ ಗುರುತು ಕೆಂಪಗೆ ಮಿಟುಕುತ್ತಿತ್ತು. ಅದನ್ನು ಆರಿಸಿಟ್ಟುಕೊಂಡು ಬರಿಗಣ್ಣಿಂದ ಕಾದೆ. ಮಗನ ಫೋನು ಮತ್ತೆ ಬಂತು. ಎತ್ತಲಿಲ್ಲ. ಎತ್ತಿದರೆ ಏನು ಹೇಳುತ್ತಾನೋ ಎಂಬ ಭಯ.

ಮೋಡದ ಒಂದು ಕಡೆ ಅಂಚು ಬೆಳ್ಳಗಾಯಿತು. ಅಲ್ಲಿ ಸಣ್ಣ ಸೀಳು. ಕ್ಯಾಮೆರಾ ಎತ್ತಿದೆ, ಎದುರಿಗೆ ಕರೆಂಟಿನ ತಂತಿ ಅಡ್ಡ. ಸರಿದು ನಿಲ್ಲಲು ಜಾಗವಿಲ್ಲ. ಉಸಿರು ಬಿಗಿಹಿಡಿದು ಒತ್ತಿದೆ, ಇನ್ನೊಮ್ಮೆ ಒತ್ತುವಷ್ಟರಲ್ಲಿ ಸೀಳು ಮುಚ್ಚಿತು. ಸಿಕ್ಕಿದ್ದು ಒಂದೇ.

ಅದು ನನ್ನ ಜೀವಮಾನದ ಅತಿ ಕೆಟ್ಟ ಚಂದ್ರ. ಅರ್ಧ ಮೋಡದೊಳಗೆ, ನಡುವೆ ತಂತಿ, ಕೈ ನಡುಗಿ ಎರಡು ಅಂಚು. ಫೋನಿಗೆ ಇಳಿಸುವಷ್ಟು ಬ್ಯಾಟರಿ ಇರಲಿಲ್ಲ. ಕ್ಯಾಮೆರಾವನ್ನು ಮಗುವಿನ ಹಾಗೆ ಎದೆಗೆ ಅವಚಿಕೊಂಡು, ಮನೆ ಸೇರುವ ತನಕ ಜೀವ ಹಿಡಿದಿರಲಿ ಎಂದು ಬೇಡಿಕೊಂಡು ಸ್ಕೂಟರ್ ಹತ್ತಿದೆ.

ತಿಂಗಳ ಮೇಲಾಗಿತ್ತು ಆ ಗೇಟು ದಾಟಿ. ಯಾರನ್ನೂ ಕೇಳದೆ ದಾಟಿದೆ. ಅಜ್ಜಿಯ ಪಕ್ಕದಲ್ಲಿ ಮಗ ಜ್ಯೂಸಿನ ಲೋಟ ಹಿಡಿದು ಮಂಡಿಯೂರಿ ಕೂತಿದ್ದ. ನಾನೂ ಇನ್ನೊಂದು ಪಕ್ಕ ಕೂತೆ. ಅಜ್ಜಿಯ ಮುಖ ಬಿಳಿಚಿಕೊಂಡಿತ್ತು. ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆಯನ್ನು ಅವರ ಕಣ್ಣಿಗೆ ಹತ್ತಿರ ಹಿಡಿದೆ.

"ಅಜ್ಜಿ, ಇದು ಇವತ್ತಿಂದು. ಈಗ ತೆಗೆದಿದ್ದು."

ಅವರು ನೋಡಿದರು. ಪರದೆ ಆರಿಹೋಗುತ್ತದೆಂದು ನನ್ನ ಜೀವ ಹೋಗುತ್ತಿತ್ತು.

"ಇದೇನವ್ವ ಅಡ್ಡ?"

"ಕರೆಂಟ್ ತಂತಿ. ಹನುಮಂತನಗರದ ಗುಡ್ಡದ ಮೇಲೆ."

"ಮಸಕು ಮಸಕಾಗೈತೆ."

"ನನ್ನ ಕೈ ನಡುಗ್ತು ಅಜ್ಜಿ."

ಅವರು ಪರದೆಯಿಂದ ಕಣ್ಣೆತ್ತಿ ನನ್ನ ಮುಖ ನೋಡಿದರು. ಒದ್ದೆ ಕೂದಲು, ಸೀರೆಯ ಅಂಚಿನ ಕೆಸರು ನೋಡಿದರು. ಕ್ಯಾಮೆರಾದಲ್ಲಿ ನೋಡಿದ್ದು ಲೆಕ್ಕಕ್ಕಿಲ್ಲ ಎಂದುಬಿಟ್ಟರೆ ಏನು ಮಾಡುವುದೆಂದು ನಾನು ಯೋಚಿಸಿಯೇ ಇರಲಿಲ್ಲ. ಅದು ಈಗಷ್ಟೇ ಹೊಳೆಯಿತು.

"ಚೌತಿ ದಿವ್ಸ ನೋಡಿದ್ದು ನೋಡಿದ್ದೇ ಅಂದಿದ್ನಲ್ಲ," ಎಂದರು ನಿಧಾನವಾಗಿ. "ಅಂದ್ಮೇಲೆ ಇದೂ ನೋಡಿದ್ದೇಯ."

ಮಗನ ತೋಳು ಹಿಡಿದು ಎದ್ದರು. ಪೂರ್ವಕ್ಕೆ, ಅರ್ಧಕ್ಕೆ ನಿಂತ ತಮ್ಮದೇ ಮನೆಯ ಗೋಡೆಯ ಕಡೆಗೆ ಮುಖ ಮಾಡಿ ಚೊಂಬಿನ ನೀರು ಬಿಟ್ಟು ಕೈ ಮುಗಿದರು. ಆಮೇಲೆ ಲೋಟದ ಜ್ಯೂಸು ಕುಡಿದರು, ಪೂರ್ತಿ. ಮಗ ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದ. ನಾನು ಎದ್ದು ಹೊರಡಲು ತಿರುಗಿದೆ.

"ನಿಂತ್ಕೊಳೆ," ಎಂದರು ಅಜ್ಜಿ.

ನಿಂತೆ.

"ನಿನ್ ಮನೆ ಕಾಯೋಗ, ಬುದ್ಧಿ ಎಲ್ಲಿಕ್ಕಿದ್ದೀಯೆ ನೀನು? ಮಳೇಲಿ ಗುಡ್ಡ ಹತ್ತಕ್ಕೆ ನಿನಗೇನು ಹದಿನಾರು ವರ್ಷವಾ? ಜಾರಿ ಬಿದ್ದು ಸೊಂಟ ಮುರ್ಕೊಂಡಿದ್ರೆ ಆ ನಿನ್ ಗಂಡ ಹೊತ್ಕೊಂಡು ಬತ್ತಿದ್ನಾ? ಪಕ್ಕದ ಮನೇಲಿ ಮುದುಕಿ ಅವ್ಳೋ ಸತ್ಲೋ ಅಂತ ಒಂದಿನ ಬಾಗ್ಲಿಗೆ ಬಂದ್ಯಾ? ನಾನು ತಲೆ ತಗ್ಗಿಸ್ಕೊಂಡು ಹೋದ್ರೆ, ಸೆರಗು ಹಿಡ್ದು ನಿಲ್ಸಿ ಕೇಳಕ್ಕಾಗ್ಲಿಲ್ವಾ ನಿಂಗೆ? ಸೊಕ್ಕು ಕಣೆ ನಿಂದು, ಸೊಕ್ಕು."

ಜ್ಯೂಸಿನ ಬಲವೋ ಏನೋ, ದನಿ ಏರುತ್ತಲೇ ಹೋಯಿತು. ಎದುರು ಮನೆಯ ಬಾಗಿಲು ತೆರೆಯಿತು, ಅದರ ಮಹಡಿಯವರು ಕಿಟಕಿಗೆ ಬಂದರು. ಬೀದಿಯೆಲ್ಲ ಕೇಳುವ ಹಾಗೆ ಬೈದರು. ನನ್ನ ಅಡಿಗೆಯನ್ನು ಬೈದರು, ಕ್ಯಾಮೆರಾವನ್ನು ಬೈದರು, ಹಬ್ಬದ ದಿನ ಆಕಾಶ ನೋಡುವ ನನ್ನ ಕೆಟ್ಟ ಚಾಳಿಯನ್ನು ಬೈದರು. ಸ್ಕೂಟರ್ ನಿಲ್ಲಿಸಿ ಬಂದ ನಮ್ಮವರು ಗೇಟಿನಲ್ಲೇ ನಿಂತುಬಿಟ್ಟರು. ನನ್ನ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಕೊನೆಗೆ ಅವರಿಗೇ ಉಸಿರು ಸಾಲದೆ ಕುರ್ಚಿಯ ಮೇಲೆ ಕೂತರು. ಸೆರಗಿನಿಂದ ಬಾಯಿ ಒರೆಸಿಕೊಂಡರು.

"ಸಾಕಾ ಟೀಚರಮ್ಮ?" ಎಂದರು. "ಹೋಯ್ತಾ ದೋಷ?"

"ಇನ್ನೊಂದು ಸ್ವಲ್ಪ ಬೈಯಿರಿ ಅಜ್ಜಿ," ಎಂದೆ.